ಮುಂದೆ ಯಾವ ಕೌಶಲ, ಎಷ್ಟು ಜನ, ಎಷ್ಟು ಸೀಟು: ಉದ್ಯೋಗ ಮಾರುಕಟ್ಟೆಯ ಮುನ್ನಂದಾಜಿಗೆ ಒಂದು ಸಮಗ್ರ ಮಾರ್ಗದರ್ಶಿ

ಒಂದು ಕೋರ್ಸಿಗೆ ಎಷ್ಟು ಸೀಟು ಇರಬೇಕು ಎಂಬ ಪ್ರಶ್ನೆಗೆ ಹೆಚ್ಚಿನ ಕಡೆ ಉತ್ತರ ಹೋದ ವರ್ಷದ ಕಡತದಲ್ಲಿ ಸಿಗುತ್ತದೆ: ಅಷ್ಟೇ, ಇಲ್ಲವೇ ಅದಕ್ಕಿಂತ ಸ್ವಲ್ಪ ಹೆಚ್ಚು. ಅದರ ಬೆಲೆ ತೆರುವವರು ವಿದ್ಯಾರ್ಥಿಗಳು. ಮೂರು ವರ್ಷ ಓದಿ ಹೊರಬಂದಾಗ ಆ ಕೆಲಸಕ್ಕೆ ಜನ ತುಂಬಿ ತುಳುಕುತ್ತಿರುತ್ತಾರೆ. ಪಕ್ಕದ ವೃತ್ತಿಯಲ್ಲಿ ಮಾತ್ರ ಆಳುಗಳೇ ಸಿಗುವುದಿಲ್ಲ. ಇದನ್ನು ಪೂರ್ತಿ ತಪ್ಪಿಸಲಾಗದು, ಆದರೆ ಬಹಳಷ್ಟು ಕಡಿಮೆ ಮಾಡಬಹುದು.

ಶಿಕ್ಷಣ ಇಲಾಖೆ, ತರಬೇತಿ ಮಂಡಳಿ, ವಿಶ್ವವಿದ್ಯಾಲಯದ ಯೋಜನಾ ವಿಭಾಗ ಅಥವಾ ಉದ್ಯಮ ಸಂಘದಲ್ಲಿ ಕುಳಿತು ಈ ಲೆಕ್ಕ ಹಾಕಬೇಕಾದವರಿಗಾಗಿ ಈ ಬರಹ. ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಮೊದಲ ಸುತ್ತಿಗೆ ಒಂದು ಸ್ಪ್ರೆಡ್‌ಶೀಟ್ ಸಾಕು. ಮುನ್ನಂದಾಜು ಕೆಡುವುದು ಗಣಿತದ ಕೊರತೆಯಿಂದಲ್ಲ. ಉದ್ಯೋಗದ ಬೆಳವಣಿಗೆಯನ್ನಷ್ಟೇ ಎಣಿಸಿ ಬಿಟ್ಟುಹೋಗುವವರನ್ನು ಮರೆಯುವುದರಿಂದ, ಸೀಟನ್ನೇ ಕೆಲಸಗಾರ ಎಂದುಕೊಳ್ಳುವುದರಿಂದ, ಇಂದಿನ ಖಾಲಿ ಹುದ್ದೆಯನ್ನೇ ನಾಳಿನ ಬೇಡಿಕೆ ಎಂದು ನಂಬುವುದರಿಂದ ಅದು ಕೆಡುತ್ತದೆ.

ಹಂತ 1: ಯಾವ ನಿರ್ಧಾರಕ್ಕಾಗಿ ಎಂದು ಮೊದಲು ಬರೆದಿಡಿ

‘ಭವಿಷ್ಯದ ಕೌಶಲಗಳು’ ಎಂಬ ಹೆಸರಿನಲ್ಲಿ ಶುರುವಾದ ಅಧ್ಯಯನ ಸಾಮಾನ್ಯವಾಗಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಸೀಟು ಹೆಚ್ಚಿಸಬೇಕೇ, ಪಠ್ಯಕ್ರಮ ಬದಲಿಸಬೇಕೇ, ಅಲ್ಪಾವಧಿ ತರಬೇತಿಗೆ ಹಣ ಕೊಡಬೇಕೇ, ವಿದ್ಯಾರ್ಥಿಗಳಿಗೆ ವೃತ್ತಿ ಮಾಹಿತಿ ಕೊಡಬೇಕೇ? ನಾಲ್ಕಕ್ಕೂ ಬೇಕಾದ ಅವಧಿ ಬೇರೆ, ಸೂಕ್ಷ್ಮತೆಯ ಮಟ್ಟ ಬೇರೆ.

ಅವಧಿ ಗೊತ್ತುಮಾಡಲು ಹೀಗೆ ಕೂಡಿ: ಅನುಮೋದನೆಗೆ ಹಿಡಿಯುವ ಕಾಲ, ಪಠ್ಯಕ್ರಮ ಮತ್ತು ಪ್ರಯೋಗಾಲಯ ಸಿದ್ಧವಾಗುವ ಕಾಲ, ಬೋಧಕರ ನೇಮಕದ ಕಾಲ, ಕೋರ್ಸಿನ ಅವಧಿ. ಮೂರು ವರ್ಷದ ಡಿಪ್ಲೊಮಾಕ್ಕೆ ಮುಂಚಿನ ಸಿದ್ಧತೆಗಳಿಗೆ ಎರಡು ವರ್ಷ ಹಿಡಿದರೆ ಮೊದಲ ತಂಡ ಹೊರಬರುವುದು ಐದನೇ ವರ್ಷ. ಆ ತಂಡ ಕೆಲಸದಲ್ಲಿ ನೆಲೆಯೂರುವ ಕಾಲವನ್ನೂ ಸೇರಿಸಿದರೆ ಏಳೆಂಟು ವರ್ಷದ ಮುನ್ನಂದಾಜು ಬೇಕು. ಆರು ತಿಂಗಳ ಅಲ್ಪಾವಧಿ ಕೋರ್ಸಿಗೆ ಅಷ್ಟು ದೂರ ನೋಡುವುದು ವ್ಯರ್ಥ. ಅಲ್ಲಿ ಒಂದೆರಡು ವರ್ಷದ ಮಾಹಿತಿ ಮತ್ತು ಉದ್ಯೋಗದಾತರ ಜೊತೆಗಿನ ಮಾತುಕತೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ತಜ್ಞ ವೈದ್ಯರ ವಿಷಯದಲ್ಲಾದರೆ ಹತ್ತು ವರ್ಷವೂ ಕಡಿಮೆಯೇ.

ಎಲ್ಲ ವೃತ್ತಿಗೂ ಇಷ್ಟು ಶ್ರಮ ಬೇಡ. ಕಲಿಕೆ ದೀರ್ಘ, ಬೇರೆಯವರು ಬಂದು ಆ ಕೆಲಸ ಮಾಡಲು ಕಾನೂನಿನ ಅಥವಾ ಸುರಕ್ಷತೆಯ ಅಡ್ಡಿ ಇದೆ, ಕೊರತೆಯಾದರೆ ಸಮಾಜಕ್ಕೆ ಹೊಡೆತ ಬೀಳುತ್ತದೆ ಎನ್ನುವ ವೃತ್ತಿಗಳಿಗೆ ಪೂರ್ತಿ ಲೆಕ್ಕ ಹಾಕಿ. ನರ್ಸ್, ಶಿಕ್ಷಕ, ಎಲೆಕ್ಟ್ರಿಷಿಯನ್, ವೆಲ್ಡರ್ ಇಂಥವು. ಎಲ್ಲಿಂದಲೋ ಬಂದು ಮೂರು ತಿಂಗಳಲ್ಲಿ ಕಲಿಯಬಹುದಾದ ಕೆಲಸಕ್ಕೆ ಎಂಟು ವರ್ಷದ ಮುನ್ನಂದಾಜು ಮಾಡುವುದು ಶ್ರಮದ ದಂಡ.

ಹಂತ 2: ವರ್ಗೀಕರಣ ಒಂದೇ ಇರಲಿ

ಮೂರು ಕೋಡ್‌ಪಟ್ಟಿಗಳು ಬೇಕು. ವೃತ್ತಿಗಳಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಇಸ್ಕೊ-08: ಇದರಲ್ಲಿ 10 ಮುಖ್ಯ ಗುಂಪು, 43 ಉಪಗುಂಪು, 130 ಕಿರುಗುಂಪು, 436 ಘಟಕ ಗುಂಪುಗಳಿವೆ. ಉದ್ಯಮ ವಲಯಗಳಿಗೆ ವಿಶ್ವಸಂಸ್ಥೆಯ ಐಸಿಕ್. ಶಿಕ್ಷಣದ ಮಟ್ಟಕ್ಕೆ ಮತ್ತು ವಿಷಯಕ್ಕೆ ಯುನೆಸ್ಕೊದ ಇಸ್ಕೆಡ್. ದೇಶದ್ದೇ ಕೋಡ್‌ಪಟ್ಟಿ ಇದ್ದರೆ ಅದನ್ನೇ ಬಳಸಿ, ಆದರೆ ಇವುಗಳಿಗೆ ಹೊಂದಿಸುವ ಕೋಷ್ಟಕವನ್ನು ಜೊತೆಗಿಟ್ಟುಕೊಳ್ಳಿ.

ಇಲ್ಲಿ ನಡೆಯುವ ಎಡವಟ್ಟು ಸಣ್ಣದಾಗಿ ಕಂಡರೂ ಇಡೀ ಲೆಕ್ಕವನ್ನೇ ಹಾಳುಮಾಡುತ್ತದೆ. ಸಮೀಕ್ಷೆಯ ಕಾಗದದಲ್ಲಿ ‘ಎಲೆಕ್ಟ್ರಿಕಲ್ ಕೆಲಸ’ ಎಂದಷ್ಟೇ ಬರೆದಿರುತ್ತದೆ. ಇಸ್ಕೊ-08ರಲ್ಲಿ ಕಟ್ಟಡದ ವೈರಿಂಗ್ ಮಾಡುವವರು 7411, ವಿದ್ಯುತ್ ಯಂತ್ರ ಜೋಡಿಸಿ ರಿಪೇರಿ ಮಾಡುವವರು 7412, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ತಂತ್ರಜ್ಞರು 3113, ಎಂಜಿನಿಯರುಗಳು 2151. ಈ ನಾಲ್ವರ ಓದು, ಸಂಬಳ, ತರಬೇತಿಯ ಖರ್ಚು ಎಲ್ಲವೂ ಬೇರೆ. ಕೋಡ್ ಹಾಕುವವರು ಎಲ್ಲರನ್ನೂ 7411ಕ್ಕೆ ಸೇರಿಸಿದರೆ ಒಂದು ಕಡೆ ಇಲ್ಲದ ಜನರು ಹುಟ್ಟಿಕೊಳ್ಳುತ್ತಾರೆ, ಇನ್ನೊಂದು ಕಡೆ ಇಲ್ಲದ ಕೊರತೆ ಹುಟ್ಟಿಕೊಳ್ಳುತ್ತದೆ. ಸಮೀಕ್ಷೆಯಲ್ಲಿ ಹುದ್ದೆಯ ಹೆಸರಿನ ಜೊತೆಗೆ ‘ದಿನನಿತ್ಯ ಮುಖ್ಯವಾಗಿ ಏನು ಕೆಲಸ ಮಾಡುತ್ತೀರಿ’ ಎಂಬ ಪ್ರಶ್ನೆಯೂ ಇರಲೇಬೇಕು. ಇನ್ನೂರು ದಾಖಲೆಗಳನ್ನು ಇಬ್ಬರಿಂದ ಬೇರೆಬೇರೆಯಾಗಿ ಕೋಡ್ ಮಾಡಿಸಿ ಹೋಲಿಸಿ ನೋಡಿ. ನಾಲ್ಕಂಕಿಯ ಮಟ್ಟದಲ್ಲಿ ಹೊಂದಾಣಿಕೆ ಕಡಿಮೆಯಿದ್ದರೆ ಮೂರಂಕಿಗೆ ಇಳಿಯಿರಿ. ಬಹುತೇಕ ಸಂದರ್ಭಗಳಲ್ಲಿ ಮೂರಂಕಿಯೇ ಸರಿಯಾದ ಮಟ್ಟ.

ಹಳೆಯ ವರ್ಷಗಳ ದತ್ತಾಂಶ ಹಿಂದಿನ ಇಸ್ಕೊ-88ರಲ್ಲಿದ್ದರೆ ಪರಿವರ್ತನೆಯ ವರ್ಷದಲ್ಲಿ ಕೆಲವು ವೃತ್ತಿಗಳು ಧಿಡೀರನೆ ಏರಿದಂತೆಯೋ ಇಳಿದಂತೆಯೋ ಕಾಣುತ್ತವೆ. ಅದು ಮಾರುಕಟ್ಟೆಯ ಬದಲಾವಣೆಯಲ್ಲ, ಕೋಡಿನ ಬದಲಾವಣೆ. ಆ ವರ್ಷವನ್ನು ದಾಟುವ ಪ್ರವೃತ್ತಿರೇಖೆ ಎಳೆಯಬೇಡಿ.

ಹಂತ 3: ಅಂಕಿಅಂಶಗಳ ತಾಳಿಕೆ ಎಷ್ಟೆಂದು ಅಳೆಯಿರಿ

ಮೂಲ ಆಕರ ಮನೆಮನೆಯ ಕಾರ್ಮಿಕ ಬಲ ಸಮೀಕ್ಷೆ. ಸ್ವಯಂ ಉದ್ಯೋಗಿಗಳೂ ನೋಂದಣಿಯಿಲ್ಲದ ಕೆಲಸಗಾರರೂ ಸಿಗುವುದು ಇಲ್ಲೇ. ಭವಿಷ್ಯನಿಧಿ, ಸಾಮಾಜಿಕ ವಿಮೆಯಂಥ ಆಡಳಿತ ದಾಖಲೆಗಳಲ್ಲಿ ಸಂಖ್ಯೆ ನಿಖರ, ಆದರೆ ಅನೌಪಚಾರಿಕ ವಲಯ ಪೂರ್ತಿ ಹೊರಗೆ. ಎಷ್ಟೋ ಕಡೆ ವೃತ್ತಿಯ ಕೋಡೇ ಇರುವುದಿಲ್ಲ. ಜನಗಣತಿ ಸಣ್ಣ ವೃತ್ತಿಗಳಿಗೂ ಸಣ್ಣ ಪ್ರದೇಶಗಳಿಗೂ ಅಮೂಲ್ಯ, ಆದರೆ ಅಪರೂಪಕ್ಕೆ ಬರುತ್ತದೆ.

ಮಾದರಿ ಸಮೀಕ್ಷೆಯ ಮಿತಿ ಅರಿಯಲು ಒಂದು ಲೆಕ್ಕ ಮಾಡಿ. ಒಂದು ಪ್ರದೇಶದಲ್ಲಿ 12,000 ಎಲೆಕ್ಟ್ರಿಷಿಯನ್‌ಗಳಿದ್ದಾರೆ, ಸಮೀಕ್ಷೆ 200ರಲ್ಲಿ ಒಬ್ಬರನ್ನು ಮಾತಾಡಿಸುತ್ತದೆ ಎಂದುಕೊಳ್ಳೋಣ. ಹಾಗಾದರೆ ನಿಮ್ಮ ಕೈಗೆ ಸಿಕ್ಕವರು 60 ಮಂದಿ ಮಾತ್ರ. ಬಡಾವಣೆಗಳ ಗುಂಪುಗಳಲ್ಲಿ ಮಾದರಿ ಆರಿಸುವುದರಿಂದ ದೋಷದ ವರ್ಗಮೌಲ್ಯ ಎರಡರಷ್ಟಾಗುತ್ತದೆ ಎಂದಿಟ್ಟುಕೊಂಡರೆ ಸಾಪೇಕ್ಷ ದೋಷ ಸುಮಾರು 18 ಶೇಕಡಾ. ವಾಡಿಕೆಯಂತೆ ಎರಡೂ ಕಡೆ ಇದರ ಸುಮಾರು ಎರಡು ಪಟ್ಟು ಬಿಟ್ಟರೆ, ನಿಜವಾದ ಸಂಖ್ಯೆ 7,700ರಿಂದ 16,300ರ ನಡುವೆ ಎಲ್ಲಿಯಾದರೂ ಇರಬಹುದು. ಒಂದು ವರ್ಷ 12,000, ಮರುವರ್ಷ 13,500 ಬಂದರೆ ‘ಬೆಳವಣಿಗೆ’ ಎಂದು ಸಂಭ್ರಮಿಸುವಂತಿಲ್ಲ. ಮೂರು ವರ್ಷಗಳ ಸಮೀಕ್ಷೆಯನ್ನು ಒಟ್ಟುಗೂಡಿಸಿದರೆ, ಪ್ರತಿ ವರ್ಷ ಬೇರೆ ಮನೆಗಳಾಗಿದ್ದ ಪಕ್ಷದಲ್ಲಿ, ದೋಷ ಹತ್ತೂವರೆ ಶೇಕಡಾಕ್ಕೆ ಇಳಿಯುತ್ತದೆ. ಕೋಷ್ಟಕದಲ್ಲಿ ಮೂವತ್ತಕ್ಕಿಂತ ಕಡಿಮೆ ಜನ ಸಿಕ್ಕ ಕೋಶಗಳನ್ನು ಪಕ್ಕದ ವೃತ್ತಿಯೊಂದಿಗೆ ಸೇರಿಸಿ, ಬಿಡಿಯಾಗಿ ಪ್ರಕಟಿಸಬೇಡಿ.

ಹಂತ 4: ಬೇಡಿಕೆ, ವಲಯದಿಂದ ವೃತ್ತಿಗೆ

ಮೊದಲು ಪ್ರತಿ ವಲಯದಲ್ಲಿ ಒಟ್ಟು ಎಷ್ಟು ಉದ್ಯೋಗವಿರುತ್ತದೆ ಎಂದು ಅಂದಾಜಿಸಬೇಕು. ಹಣಕಾಸು ಇಲಾಖೆಯೋ ಕೇಂದ್ರ ಬ್ಯಾಂಕೋ ಆರ್ಥಿಕ ಮಾದರಿ ಇಟ್ಟುಕೊಂಡಿದ್ದರೆ ಅದರಿಂದ ಪಡೆಯಿರಿ. ಇಲ್ಲದಿದ್ದರೆ ಉತ್ಪಾದನೆಯ ಬೆಳವಣಿಗೆಯಿಂದ ತಲಾ ಉತ್ಪಾದಕತೆಯ ಬೆಳವಣಿಗೆಯನ್ನು ಕಳೆಯಿರಿ: ಉತ್ಪಾದನೆ ವರ್ಷಕ್ಕೆ 5 ಶೇಕಡಾ, ಉತ್ಪಾದಕತೆ 3.5 ಶೇಕಡಾ ಏರಿದರೆ ಉದ್ಯೋಗ ಏರುವುದು ಸುಮಾರು ಒಂದೂವರೆ ಶೇಕಡಾ. ಹೂಡಿಕೆ ಪ್ರಕಟಣೆಗಳಲ್ಲಿ ಬರುವ ಉದ್ಯೋಗಸಂಖ್ಯೆಯನ್ನು ನೇರವಾಗಿ ಸೇರಿಸಬೇಡಿ. ಅದರಲ್ಲಿ ನಿರ್ಮಾಣ ಹಂತದ ತಾತ್ಕಾಲಿಕ ಕೆಲಸವೂ, ಪರೋಕ್ಷ ಉದ್ಯೋಗವೂ, ಕೈಗೂಡದೇ ಹೋಗುವ ಯೋಜನೆಗಳೂ ಬೆರೆತಿರುತ್ತವೆ.

ಮುಂದಿನದು ವಲಯ–ವೃತ್ತಿ ಕೋಷ್ಟಕ: ಸಾಲುಗಳಲ್ಲಿ ವೃತ್ತಿ, ಕಾಲಂಗಳಲ್ಲಿ ವಲಯ, ಪ್ರತಿ ಕೋಶದಲ್ಲಿ ಆ ವಲಯದ ಕೆಲಸಗಾರರಲ್ಲಿ ಆ ವೃತ್ತಿಯವರ ಪಾಲು. ಎಂಟು ವರ್ಷದ ಮುನ್ನಂದಾಜಿಗೆ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಇದನ್ನೇ ಮುಂದೆಯೂ ಬಳಸುತ್ತೇವೆ.

ನಿರ್ಮಾಣ ವಲಯದಲ್ಲಿ 1,00,000 ಕೆಲಸಗಾರರು, ಅವರಲ್ಲಿ ಎಲೆಕ್ಟ್ರಿಷಿಯನ್‌ಗಳು 5 ಶೇಕಡಾ, ಅಂದರೆ 5,000. ತಯಾರಿಕೆಯಲ್ಲಿ 1,60,000ಕ್ಕೆ 2.5 ಶೇಕಡಾ, 4,000. ವಿದ್ಯುತ್ ಪೂರೈಕೆಯಲ್ಲಿ 20,000ಕ್ಕೆ 15 ಶೇಕಡಾ, 3,000. ಒಟ್ಟು 12,000.

ಎಂಟು ವರ್ಷದ ನಂತರ ಈ ವಲಯಗಳು ಕ್ರಮವಾಗಿ 1,10,000, 1,52,000, 22,000ಕ್ಕೆ ಬರುತ್ತವೆ ಎಂದಾಗಲಿ. ಪಾಲು ಹಾಗೇ ಉಳಿದರೆ 5,500 + 3,800 + 3,300, ಒಟ್ಟು 12,600. ಆದರೆ ಕಟ್ಟಡಗಳಲ್ಲಿ ವಿದ್ಯುತ್ ಕೆಲಸ ಹೆಚ್ಚುತ್ತಿದೆ, ಕಾರ್ಖಾನೆಗಳಲ್ಲಿ ಯಾಂತ್ರೀಕರಣ ಹೆಚ್ಚುತ್ತಿದೆ. ನಿರ್ಮಾಣದ ಪಾಲು 5.4ಕ್ಕೂ ತಯಾರಿಕೆಯದು 2.6ಕ್ಕೂ ಏರಿದರೆ 5,940 + 3,952 + 3,300, ಅಂದರೆ 13,192. ವಿಸ್ತರಣೆಯ ಬೇಡಿಕೆ 1,192. ವರ್ಷಕ್ಕೆ ಸುಮಾರು 149.

ಪಾಲಿನ ಬದಲಾವಣೆಯನ್ನು ಹಿಂದಿನ ಪ್ರವೃತ್ತಿಯಿಂದ ತೆಗೆಯುವಾಗ ಕೈ ಬಿಗಿಹಿಡಿಯಿರಿ. ಐದು ವರ್ಷದಲ್ಲಿ ಕಂಡ ಏರಿಕೆಯನ್ನು ಎಂಟು ವರ್ಷಕ್ಕೆ ಅದೇ ವೇಗದಲ್ಲಿ ಎಳೆದರೆ ಅಸಂಬದ್ಧ ಸಂಖ್ಯೆಗಳು ಬರುತ್ತವೆ. ಪ್ರವೃತ್ತಿಯ ಅರ್ಧದಷ್ಟನ್ನು ತೆಗೆದುಕೊಳ್ಳುವುದು ಒಳ್ಳೆಯ ಆರಂಭ. ಎಲ್ಲ ವೃತ್ತಿಗಳ ಪಾಲೂ ಸೇರಿ ಪ್ರತಿ ವಲಯದಲ್ಲಿ ನೂರೇ ಆಗಬೇಕು. ಸಾಲು ಮತ್ತು ಕಾಲಂಗಳ ಮೊತ್ತ ಎರಡೂ ಹೊಂದುವವರೆಗೆ ಅನುಪಾತದಲ್ಲಿ ಸರಿಪಡಿಸುತ್ತ ಹೋಗುವ ಆರ್‌ಎಎಸ್ ವಿಧಾನ ಇದಕ್ಕೆ ಸಾಕು, ಹತ್ತಿಪ್ಪತ್ತು ಸುತ್ತಿನಲ್ಲಿ ಸಾಮಾನ್ಯವಾಗಿ ಕೂಡಿಬರುತ್ತದೆ.

1960ರ ದಶಕದಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) ಗ್ರೀಸ್, ಇಟಲಿ, ಪೋರ್ಚುಗಲ್, ಸ್ಪೇನ್, ಟರ್ಕಿ, ಯುಗೊಸ್ಲಾವಿಯಗಳಿಗಾಗಿ ಮೆಡಿಟರೇನಿಯನ್ ಪ್ರಾದೇಶಿಕ ಯೋಜನೆಯನ್ನು ನಡೆಸಿತು. ಉತ್ಪಾದನೆಯ ಗುರಿಯಿಂದ ಉದ್ಯೋಗ, ಉದ್ಯೋಗದಿಂದ ವೃತ್ತಿ, ವೃತ್ತಿಯಿಂದ ಓದು ಹೀಗೆ ಸ್ಥಿರ ಅನುಪಾತಗಳ ಸರಪಳಿ ಅದು. ಅದರ ಮೇಲೆ ಬಂದ ಮುಖ್ಯ ಟೀಕೆ ಇಂದಿಗೂ ನೆನಪಿಡತಕ್ಕದ್ದು: ಒಂದೇ ಕೆಲಸವನ್ನು ಬೇರೆಬೇರೆ ಓದಿನವರು ಮಾಡುತ್ತಾರೆ, ಸಂಬಳ ಬದಲಾದರೆ ಉದ್ಯೋಗದಾತರು ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ತರುತ್ತಾರೆ. ಹೀಗಾಗಿ ‘ಈ ವೃತ್ತಿಗೆ ಈ ಪದವಿ’ ಎಂದು ಒಂದಕ್ಕೊಂದು ಗಂಟುಹಾಕಬೇಡಿ. ಆ ವೃತ್ತಿಯಲ್ಲಿ ಕಳೆದ ಐದು ವರ್ಷದಲ್ಲಿ ಹೊಸದಾಗಿ ಸೇರಿದವರು ಏನೇನು ಓದಿದ್ದಾರೆ ಎಂಬ ಹಂಚಿಕೆಯನ್ನು ಬಳಸಿ. ಹಳಬರ ಓದನ್ನು ನೋಡಿದರೆ ಮೂವತ್ತು ವರ್ಷದ ಹಿಂದಿನ ಮಾರುಕಟ್ಟೆಯನ್ನು ನೋಡಿದ ಹಾಗಾಗುತ್ತದೆ.

ಹಂತ 5: ಬಿಟ್ಟುಹೋಗುವವರನ್ನು ಎಣಿಸಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವ ಹಂತ ಇದು. ನಮ್ಮ ಅಭಿಪ್ರಾಯದಲ್ಲಿ ಅತಿ ಮುಖ್ಯವಾದದ್ದೂ ಇದೇ. ನಿವೃತ್ತಿ, ಸಾವು, ವಲಸೆ, ಮನೆಯ ಜವಾಬ್ದಾರಿ, ಬೇರೆ ವೃತ್ತಿಗೆ ಜಿಗಿತ: ಇವುಗಳಿಂದ ತೆರವಾಗುವ ಜಾಗಗಳು ಬೆಳವಣಿಗೆಯಿಂದ ಹುಟ್ಟುವ ಜಾಗಗಳಿಗಿಂತ ಸಾಮಾನ್ಯವಾಗಿ ಹಲವು ಪಟ್ಟು ಹೆಚ್ಚು. ಕುಗ್ಗುತ್ತಿರುವ ವೃತ್ತಿಗೂ ಹೊಸಬರು ಬೇಕಾಗುವುದು ಇದರಿಂದಲೇ. ‘ಆ ಕೆಲಸ ಕಮ್ಮಿಯಾಗುತ್ತಿದೆ’ ಎಂದು ಕೋರ್ಸನ್ನೇ ಮುಚ್ಚಿದ ಮೇಲೆ ಕೊರತೆ ಕಾಣಿಸಿಕೊಳ್ಳುವುದೂ ಇದರಿಂದಲೇ.

ಅಳೆಯುವ ಸುಲಭ ದಾರಿ ವಯೋಗುಂಪಿನ ಹೋಲಿಕೆ. ಒಂದು ವೃತ್ತಿಯಲ್ಲಿ 50–54 ವಯಸ್ಸಿನವರು ಇಂದು 1,000 ಇದ್ದು, ಐದು ವರ್ಷದ ನಂತರ ಅದೇ ವೃತ್ತಿಯಲ್ಲಿ 55–59ರವರು 860 ಇದ್ದರೆ ಐದು ವರ್ಷದ ನಿವ್ವಳ ಹೊರಹರಿವು 14 ಶೇಕಡಾ, ವರ್ಷಕ್ಕೆ ಸುಮಾರು 3. ಎಲ್ಲ ವಯೋಗುಂಪುಗಳಿಗೂ, ಹೆಂಗಸರಿಗೂ ಗಂಡಸರಿಗೂ ಪ್ರತ್ಯೇಕವಾಗಿ ಮಾಡಿ. ಎಳೆಯ ಗುಂಪುಗಳಲ್ಲಿ ಸಂಖ್ಯೆ ಏರಿದ್ದರೆ ಅದು ಒಳಹರಿವು. ಹೊರಹರಿವನ್ನು ಸೊನ್ನೆ ಎಂದು ಹಿಡಿಯಿರಿ.

ಈ ವಿಧಾನದ ಮಿತಿಯೂ ಗೊತ್ತಿರಲಿ. ಒಬ್ಬ ಬಿಟ್ಟು ಅದೇ ವಯಸ್ಸಿನ ಇನ್ನೊಬ್ಬ ಬಂದರೆ ಇದರ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಸಂಸ್ಥೆ ತನ್ನ 2016–26ರ ಮುನ್ನಂದಾಜಿನಿಂದ ವಿಧಾನ ಬದಲಿಸಿ, ದುಡಿಮೆಯನ್ನೇ ಬಿಡುವವರು ಮತ್ತು ಬೇರೆ ವೃತ್ತಿಗೆ ಹೋಗುವವರು ಇಬ್ಬರನ್ನೂ ಎಣಿಸತೊಡಗಿದ್ದು ಈ ಕಾರಣಕ್ಕೇ. ಒಬ್ಬನೇ ವ್ಯಕ್ತಿಯನ್ನು ವರ್ಷದಿಂದ ವರ್ಷಕ್ಕೆ ಅನುಸರಿಸುವ ದತ್ತಾಂಶ ಇದ್ದರೆ ನೀವೂ ಹಾಗೆ ಮಾಡಬಹುದು. ಒಂದು ಎಚ್ಚರಿಕೆ: ನಿವ್ವಳ ದರ (ಬಿಟ್ಟವರಲ್ಲಿ ಬಂದವರನ್ನು ಕಳೆದದ್ದು) ಬಳಸಿದರೆ ಮರಳಿ ಬರುವವರನ್ನೂ ಅನುಭವಿಗಳ ಒಳಹರಿವನ್ನೂ ಪೂರೈಕೆಯ ಕಡೆ ಮತ್ತೆ ಸೇರಿಸಬೇಡಿ. ಒಟ್ಟು ದರ (ಬಿಟ್ಟವರೆಲ್ಲರ ಎಣಿಕೆ) ಬಳಸಿದರೆ ಸೇರಿಸಲೇಬೇಕು. ಎರಡನ್ನೂ ಬೆರೆಸಿದರೆ ಕೊರತೆಯ ಲೆಕ್ಕ ಎತ್ತಲೋ ಹೋಗುತ್ತದೆ.

ನಮ್ಮ ಉದಾಹರಣೆಯಲ್ಲಿ ನಿವ್ವಳ ಹೊರಹರಿವು ವರ್ಷಕ್ಕೆ 3.2 ಶೇಕಡಾ ಎಂದಾಗಲಿ. ಎಂಟು ವರ್ಷದ ಸರಾಸರಿ ಉದ್ಯೋಗ 12,596. ಅದಕ್ಕೆ ವರ್ಷಕ್ಕೆ 403 ಬದಲಿ ಜನ ಬೇಕು. ವಿಸ್ತರಣೆಯ 149 ಸೇರಿದರೆ ವರ್ಷಕ್ಕೆ 552. ಒಟ್ಟು ಬೇಡಿಕೆಯ 73 ಶೇಕಡಾ ಬಂದಿರುವುದು ಬಿಟ್ಟುಹೋಗುವವರಿಂದ. ಬೆಳವಣಿಗೆಯನ್ನಷ್ಟೇ ನೋಡಿದವರಿಗೆ ಕಾಣುವುದು 149 ಮಾತ್ರ.

ಹಂತ 6: ಪೂರೈಕೆಯಲ್ಲಿ ಸೀಟಿನಿಂದ ಕೆಲಸದವರೆಗೆ ಎಲ್ಲೆಲ್ಲಿ ಸೋರುತ್ತದೆ

ತರಬೇತಿ ಸಂಸ್ಥೆಗಳಲ್ಲಿ 900 ಸೀಟುಗಳಿವೆ ಎನ್ನೋಣ. ಭರ್ತಿಯಾಗುವುದು 85 ಶೇಕಡಾ, 765. ಮುಗಿಸಿ ಪಾಸಾಗುವವರು ಅವರಲ್ಲಿ 70 ಶೇಕಡಾ, 535. ಮುಂದಿನ ಓದಿಗೆ ಹೋಗುವವರು, ಮನೆಯಲ್ಲಿ ಉಳಿಯುವವರು, ಊರು ಬಿಡುವವರನ್ನು ಕಳೆದರೆ ಇಲ್ಲೇ ದುಡಿಮೆಗೆ ಇಳಿಯುವವರು 75 ಶೇಕಡಾ, ಸುಮಾರು 402. ಅವರಲ್ಲಿ ಓದಿದ ವೃತ್ತಿಗೇ ಸೇರುವವರು 65 ಶೇಕಡಾ, 261. ಕಡತದಲ್ಲಿ 900, ಕೆಲಸದ ಜಾಗದಲ್ಲಿ 261.

ಕೊನೆಯ ಎರಡು ಅನುಪಾತಗಳಿಗೆ ಹಳೆ ವಿದ್ಯಾರ್ಥಿಗಳ ಸಮೀಕ್ಷೆ ಬೇಕು. ಕೋರ್ಸ್ ಮುಗಿದು 6ರಿಂದ 12 ತಿಂಗಳಿಗೆ ಒಮ್ಮೆ, ಮೂರನೇ ವರ್ಷಕ್ಕೆ ಇನ್ನೊಮ್ಮೆ ಕೇಳಿ. ಮೊದಲ ಸುತ್ತಿನಲ್ಲಿ ಸಿಗುವುದು ತಾತ್ಕಾಲಿಕ ಚಿತ್ರ. ವೃತ್ತಿಯಲ್ಲಿ ನಿಂತರೋ ಇಲ್ಲವೋ ತಿಳಿಯುವುದು ಎರಡನೆಯದರಲ್ಲಿ. ಪ್ರವೇಶದ ದಿನವೇ ವಿದ್ಯಾರ್ಥಿಯ ಜೊತೆಗೆ ಮನೆಯವರೊಬ್ಬರ ಫೋನ್ ನಂಬರನ್ನೂ, ಒಪ್ಪಿಗೆಯನ್ನೂ ಪಡೆದಿಡಿ. ಇದೊಂದು ಸಣ್ಣ ಕೆಲಸ ಮಾಡದೆ ಎಷ್ಟೋ ಸಮೀಕ್ಷೆಗಳು ನೆಲಕಚ್ಚಿವೆ. ಉತ್ತರಿಸದವರಲ್ಲಿ ಕೆಲಸ ಸಿಗದವರು ಹೆಚ್ಚಿರುವ ಸಾಧ್ಯತೆಯಿದೆ. ಅದಕ್ಕೇ ಉತ್ತರಿಸದವರಿಂದ ಒಂದು ಸಣ್ಣ ಮಾದರಿ ಆರಿಸಿ, ಬೆನ್ನುಹತ್ತಿ ಕೇಳಿ, ಒಟ್ಟು ಲೆಕ್ಕದಲ್ಲಿ ಅಂಥವರಿಗೆ ಸಿಗಬೇಕಾದ ತೂಕವನ್ನು ಸರಿಪಡಿಸಿ.

ಈಗ ಅಂತರ: 552ರಲ್ಲಿ 261 ಕಳೆದರೆ 291. ‘ಹಾಗಾದರೆ 291 ಸೀಟು ಸೇರಿಸೋಣ’ ಎನ್ನುವುದು ಎಲ್ಲರ ಬಾಯಿಗೆ ಮೊದಲು ಬರುವ ಮಾತು. ಆದರೆ ಪ್ರತಿ ಸೀಟಿಗೆ 0.29 ಕೆಲಸಗಾರ ಸಿಗುವ ವ್ಯವಸ್ಥೆಯಲ್ಲಿ 291 ಜನರಿಗೆ ಬೇಕಾಗುವುದು ಸುಮಾರು 1,000 ಹೊಸ ಸೀಟು. ಅದು ತೂತು ಕೊಡಕ್ಕೆ ಇನ್ನಷ್ಟು ನೀರು ಹೊಯ್ದ ಹಾಗೆ. ಪಾಸಾಗುವ ಪ್ರಮಾಣವನ್ನು 70ರಿಂದ 85ಕ್ಕೆ, ಓದಿದ ವೃತ್ತಿಗೇ ಸೇರುವವರನ್ನು 65ರಿಂದ 80ಕ್ಕೆ ಏರಿಸಿದರೆ ಅದೇ 900 ಸೀಟಿನಿಂದ 390 ಜನ ಬರುತ್ತಾರೆ. ಒಂದೂ ಹೊಸ ಬೆಂಚಿಲ್ಲದೆ 129 ಕೆಲಸಗಾರರು. ಮೊದಲ ವರ್ಷದ ಗಣಿತದಲ್ಲಿ ಎಡವುವವರಿಗೆ ಪೂರಕ ತರಗತಿ, ಕೋರ್ಸಿನೊಳಗೇ ಅಪ್ರೆಂಟಿಸ್ ಅವಧಿ, ದೂರದಿಂದ ಬರುವವರಿಗೆ ಹಾಸ್ಟೆಲ್ ಇಂಥವು ಹೊಸ ಕಟ್ಟಡಕ್ಕಿಂತ ಬೇಗ ಫಲ ಕೊಡುತ್ತವೆ.

ಇನ್ನೊಂದು ಪ್ರಶ್ನೆ ಕೇಳದೆ ಮುಂದೆ ಹೋಗಬೇಡಿ: ಈಗಲೂ ವರ್ಷಕ್ಕೆ 291 ಜಾಗ ಖಾಲಿ ಬೀಳುತ್ತಿದ್ದರೆ ಅವನ್ನು ತುಂಬುತ್ತಿರುವವರು ಯಾರು? ಬಹಳ ಕಡೆ ಉತ್ತರ, ಕೆಲಸ ಮಾಡುತ್ತಲೇ ಕಲಿತ ಸಹಾಯಕರು. ಅವರ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು, ಸುರಕ್ಷತೆಯಂಥ ಕೊರತೆಯಿರುವ ಭಾಗವನ್ನಷ್ಟೇ ಕಲಿಸುವುದು ಪೂರೈಕೆಯ ನಿಜವಾದ ದಾರಿ.

ಹಂತ 7: ಕೊರತೆ ನಿಜವೇ ಎಂದು ಒರೆಗೆ ಹಚ್ಚಿ

ಮೇಲಿನ ಲೆಕ್ಕ ಕೊರತೆ ಎಂದರೂ ಮಾರುಕಟ್ಟೆ ಹಾಗೆ ಹೇಳದಿರಬಹುದು. ನೋಡಬೇಕಾದ ಗುರುತುಗಳು: ಆ ವೃತ್ತಿಯ ಸಂಬಳ ಬೇರೆಯವುಗಳಿಗಿಂತ ವೇಗವಾಗಿ ಏರುತ್ತಿದೆಯೇ, ಹುದ್ದೆ ತುಂಬಲು ಹಿಡಿಯುವ ವಾರಗಳು ಹೆಚ್ಚುತ್ತಿವೆಯೇ, ಆ ವೃತ್ತಿಯ ಅನುಭವಿಗಳಲ್ಲಿ ನಿರುದ್ಯೋಗ ಕಡಿಮೆಯೇ, ಓವರ್‌ಟೈಮ್ ಏರಿದೆಯೇ. ಮೂರಾದರೂ ಹೌದೆಂದರೆ ಕೊರತೆಯನ್ನು ನಂಬಬಹುದು. ಹುದ್ದೆಗಳು ಖಾಲಿ, ಸಂಬಳ ಮಾತ್ರ ವರ್ಷಗಳಿಂದ ಕದಲಿಲ್ಲ, ತರಬೇತಾದವರು ಬೇರೆ ಕೆಲಸದಲ್ಲಿದ್ದಾರೆ ಎಂದರೆ ಅದು ಕೌಶಲದ ಕೊರತೆಯಲ್ಲ, ಸಂಬಳ ಅಥವಾ ಕೆಲಸದ ಸ್ಥಿತಿಯ ಸಮಸ್ಯೆ. ನರ್ಸಿಂಗ್‌ನಲ್ಲಿ ಇದು ಬಹಳ ಸಾಮಾನ್ಯ: ನೋಂದಣಿ ಪುಸ್ತಕದಲ್ಲಿ ಹೆಸರಿದ್ದೂ ವೃತ್ತಿಯಲ್ಲಿಲ್ಲದವರು ಎಷ್ಟು ಎಂದು ಮೊದಲು ನೋಡಿ. ಅಲ್ಲಿ ಸೀಟು ಹೆಚ್ಚಿಸಿದರೆ ಬಿಟ್ಟುಹೋಗುವವರ ಸಂಖ್ಯೆಯಷ್ಟೇ ಹೆಚ್ಚುತ್ತದೆ.

ಇಂದಿನ ಬಿಸಿಯನ್ನೇ ನೋಡಿ ಸೀಟು ಏರಿಸುವುದರ ಅಪಾಯವನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1976ರಲ್ಲಿ ಅಮೆರಿಕದ ಎಂಜಿನಿಯರುಗಳ ವಿಷಯದಲ್ಲಿ ತೋರಿಸಿದ್ದರು. ಸಂಬಳ ಏರಿದಾಗ ವಿದ್ಯಾರ್ಥಿಗಳು ಮುಗಿಬೀಳುತ್ತಾರೆ, ನಾಲ್ಕು ವರ್ಷದ ನಂತರ ಒಟ್ಟಿಗೆ ಹೊರಬಂದಾಗ ಸಂಬಳ ಕುಸಿಯುತ್ತದೆ, ಆಗ ಸೇರುವವರು ಕಡಿಮೆಯಾಗುತ್ತಾರೆ, ಮತ್ತೆ ನಾಲ್ಕು ವರ್ಷಕ್ಕೆ ಕೊರತೆ. ಹಾಗಾಗಿ ಈಗಾಗಲೇ ತರಗತಿಯಲ್ಲಿ ಕುಳಿತಿರುವವರನ್ನು ವರ್ಷವಾರು ಪೂರೈಕೆಯಲ್ಲಿ ಸೇರಿಸಿದ ಮೇಲೆಯೇ ಹೊಸ ಸೀಟಿನ ಮಾತೆತ್ತಬೇಕು.

ಹಂತ 8: ಉದ್ಯೋಗದಾತರನ್ನು ಕೇಳುವ ರೀತಿ

‘ಐದು ವರ್ಷದ ನಂತರ ನಿಮಗೆ ಎಷ್ಟು ಜನ ಬೇಕು, ಯಾವ ಕೌಶಲ ಬೇಕು?’ ಈ ಪ್ರಶ್ನೆಗೆ ಉತ್ತರ ಬರುತ್ತದೆ, ಆದರೆ ಅದರಲ್ಲಿ ಹುರುಳಿರುವುದಿಲ್ಲ. ಹೆಚ್ಚಿನ ಸಂಸ್ಥೆಗಳಿಗೆ ಮುಂದಿನ ಒಂದು ವರ್ಷದ ಆರ್ಡರ್ ಬಿಟ್ಟರೆ ಬೇರೇನೂ ಸ್ಪಷ್ಟವಿರುವುದಿಲ್ಲ. ಉದಾರವಾಗಿ ಹೇಳಿದರೆ ನಷ್ಟವೂ ಇಲ್ಲ. ನಡೆದುಹೋದದ್ದನ್ನು ಕೇಳಿ: ಕಳೆದ 12 ತಿಂಗಳಲ್ಲಿ ಯಾವ ಹುದ್ದೆಗೆ ಜನ ಹುಡುಕಿದಿರಿ, ಎಷ್ಟು ವಾರ ಹಿಡಿಯಿತು, ಅರ್ಜಿ ಎಷ್ಟು ಬಂತು, ತಿರಸ್ಕರಿಸಿದ್ದು ಯಾವ ಕಾರಣಕ್ಕೆ, ಎಷ್ಟು ಸಂಬಳ ಹೇಳಿದಿರಿ, ಸಿಗದೇ ಹೋದಾಗ ಏನು ಮಾಡಿದಿರಿ. ಕೊನೆಯ ಪ್ರಶ್ನೆಯಲ್ಲಿ ಚಿನ್ನವಿದೆ: ಒಳಗಿನವರಿಗೆ ಕಲಿಸಿದೆವು, ಗುತ್ತಿಗೆಗೆ ಕೊಟ್ಟೆವು, ಆರ್ಡರ್ ಬಿಟ್ಟುಕೊಟ್ಟೆವು ಎಂಬ ಮೂರು ಉತ್ತರಗಳು ಮೂರು ಬೇರೆ ಮಟ್ಟದ ಕೊರತೆಗಳು.

ವಲಯ ಮತ್ತು ಗಾತ್ರದ ಪ್ರಕಾರ ಸಂಸ್ಥೆಗಳನ್ನು ಗುಂಪುಮಾಡಿ. ದೊಡ್ಡವನ್ನೆಲ್ಲ ತೆಗೆದುಕೊಳ್ಳಿ, ಸಣ್ಣವುಗಳಲ್ಲಿ ಮಾದರಿ ಆರಿಸಿ. ಸಂದರ್ಶನ 20 ನಿಮಿಷ ಮೀರದಿರಲಿ. ನೇಮಕಾತಿಯ ಪ್ರಶ್ನೆಗೆ ಎಚ್‌ಆರ್ ವಿಭಾಗ ಸರಿ, ಕೌಶಲದ ಪ್ರಶ್ನೆಗೆ ಮಾತ್ರ ಶಾಪ್‌ಫ್ಲೋರಿನ ಸೂಪರ್‌ವೈಸರನ್ನೇ ಮಾತಾಡಿಸಿ.

ಆನ್‌ಲೈನ್ ಜಾಹೀರಾತುಗಳು ಬೇಗ ಸಿಗುತ್ತವೆ, ಅಷ್ಟೇ ಬೇಗ ದಾರಿತಪ್ಪಿಸುತ್ತವೆ. ಒಂದೇ ಹುದ್ದೆ ಐದು ಜಾಲತಾಣದಲ್ಲಿ ಇರುತ್ತದೆ, ಒಂದು ಜಾಹೀರಾತಿನ ಹಿಂದೆ ಐವತ್ತು ಹುದ್ದೆಗಳೂ ಇರುತ್ತವೆ. ಸಂಸ್ಥೆ, ಹುದ್ದೆಯ ಹೆಸರು, ಊರು ಮೂರೂ ಒಂದೇ ಆಗಿದ್ದು 60 ದಿನದೊಳಗೆ ಮರಳಿ ಬಂದದ್ದನ್ನು ಒಂದೆಂದೇ ಎಣಿಸಿ. ಗಾರೆ ಕೆಲಸ, ಪ್ಲಂಬಿಂಗ್, ಆರೈಕೆಯಂಥ ಕೆಲಸಗಳು ಬಾಯಿಮಾತಿನಲ್ಲೇ ಸಿಗುವುದರಿಂದ ಅಲ್ಲಿ ಕಾಣುವುದು ಕಡಿಮೆ. ಆದ್ದರಿಂದ ಸಂಖ್ಯೆಗೆ ಇವನ್ನು ನಂಬಬೇಡಿ. ಒಂದೇ ವೃತ್ತಿಯೊಳಗೆ ಯಾವ ಹೊಸ ಉಪಕರಣದ, ಸಾಫ್ಟ್‌ವೇರಿನ ಹೆಸರು ಹೆಚ್ಚುತ್ತಿದೆ ಎಂದು ಗುರುತಿಸಲು ಬಳಸಿ.

ಹಂತ 9: ವೃತ್ತಿಯಿಂದ ಕೌಶಲಕ್ಕೆ, ಕೌಶಲದಿಂದ ಪಠ್ಯಕ್ಕೆ

ಇಲ್ಲಿಯವರೆಗೆ ಲೆಕ್ಕವೆಲ್ಲ ಎಷ್ಟು ಜನ ಎಂಬುದರದು. ಅವರಿಗೆ ಏನು ಬರಬೇಕು ಎಂಬುದಕ್ಕೆ ಸಿದ್ಧ ಪಟ್ಟಿಗಳಿವೆ: ಅಮೆರಿಕದ ಓನೆಟ್, ಯುರೋಪಿನ ಎಸ್ಕೊ. ಎರಡೂ ಉಚಿತ. ಆರಂಭಕ್ಕೆ ಒಳ್ಳೆಯವು, ಆದರೆ ಹಾಗೇ ನಕಲು ಮಾಡಿದರೆ ಬೇರೆ ದೇಶದ ಯಂತ್ರ, ಬೇರೆ ದೇಶದ ಕಾನೂನು ಪಠ್ಯಕ್ಕೆ ಬಂದು ಕೂರುತ್ತವೆ.

ಡೇಕಮ್ ಎಂಬ ಕಮ್ಮಟದ ವಿಧಾನ ನಾವು ಕಂಡವುಗಳಲ್ಲಿ ಹೆಚ್ಚು ಫಲ ಕೊಡುವಂಥದ್ದು. ಆ ವೃತ್ತಿಯಲ್ಲಿ ನುರಿತ 8ರಿಂದ 12 ಕೆಲಸಗಾರರನ್ನು ಎರಡು ದಿನ ಒಂದೆಡೆ ಕೂರಿಸಿ, ಅವರು ನಿಜವಾಗಿ ಮಾಡುವ ಕೆಲಸಗಳನ್ನು ಚೀಟಿಗಳಲ್ಲಿ ಬರೆಸಿ ಗೋಡೆಗೆ ಅಂಟಿಸುತ್ತ ಹೋಗುವುದು. ಬೋಧಕರು ಕೇಳಿಸಿಕೊಳ್ಳಬಹುದು, ಮಧ್ಯೆ ಬಾಯಿ ಹಾಕಬಾರದು. ನಂತರ ಪ್ರತಿ ಕೆಲಸಕ್ಕೂ ನಾಲ್ಕು ಪ್ರಶ್ನೆ: ಎಷ್ಟು ಬಾರಿ ಮಾಡಬೇಕಾಗುತ್ತದೆ, ತಪ್ಪಿದರೆ ಎಷ್ಟು ಹಾನಿ, ಕಲಿಯುವುದು ಎಷ್ಟು ಕಷ್ಟ, ಐದು ವರ್ಷದಲ್ಲಿ ಎಷ್ಟು ಬದಲಾಗಿದೆ. ಎಲೆಕ್ಟ್ರಿಷಿಯನ್ ಪಟ್ಟಿಯಲ್ಲಿ ‘ಕೆಲಸಕ್ಕೆ ಮುನ್ನ ಸರ್ಕ್ಯೂಟಿನಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸುವುದು’ ಎಂಬುದಕ್ಕೆ ಹಾನಿಯ ಅಂಕ ಅತಿ ಹೆಚ್ಚು, ಬದಲಾವಣೆಯ ಅಂಕ ಅತಿ ಕಡಿಮೆ: ಅದು ಪಠ್ಯದ ತಿರುಳು. ಸೌರ ಇನ್ವರ್ಟರ್ ಜೋಡಣೆಗೆ ಬದಲಾವಣೆಯ ಅಂಕ ಹೆಚ್ಚು: ಅದನ್ನು ವರ್ಷವರ್ಷವೂ ತಿದ್ದಬಹುದಾದ ಪ್ರತ್ಯೇಕ ಘಟಕವಾಗಿಡಿ. ಇಡೀ ಪಠ್ಯವನ್ನೇ ಹೊಸ ಅಲೆಗೆ ಒಪ್ಪಿಸಿಬಿಟ್ಟರೆ ಆ ಉಪಕರಣ ಹಳತಾದಾಗ ವಿದ್ಯಾರ್ಥಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಂತ 10: ಒಂದೇ ಸಂಖ್ಯೆ ಬೇಡ, ವ್ಯಾಪ್ತಿ ಕೊಡಿ

ನಮ್ಮ ಉದಾಹರಣೆಗೆ ಮರಳೋಣ. ಹೊರಹರಿವು 3.2ರ ಬದಲು 4 ಶೇಕಡಾ ಆದರೆ ವಾರ್ಷಿಕ ಬೇಡಿಕೆ 653, 2.4 ಆದರೆ 451. ಬೆಳವಣಿಗೆಯೇ ಇಲ್ಲದೆ 12,000ದಲ್ಲೇ ನಿಂತು ಹೊರಹರಿವು 3.2 ಇದ್ದರೆ 384. ಪರೀಕ್ಷಿಸಿದ ಸನ್ನಿವೇಶಗಳಲ್ಲಿ ಅತಿ ಕಡಿಮೆ 384, ಅತಿ ಹೆಚ್ಚು 653. ಈಗಿನ ಪೂರೈಕೆ 261, ಎಲ್ಲಕ್ಕಿಂತ ಕೆಳಗೆ. ಹಾಗಾಗಿ 384ರವರೆಗೆ ಏರಿಸುವುದರಲ್ಲಿ ಪಶ್ಚಾತ್ತಾಪ ಪಡುವಂಥದ್ದೇನಿಲ್ಲ, ಅಷ್ಟು ಸೋರಿಕೆ ತಡೆಯುವುದರಿಂದಲೇ ಸಿಗುತ್ತದೆ. 390ರಿಂದ 552ಕ್ಕೆ ಉಳಿದ 162 ಜನಕ್ಕೆ, ಸುಧಾರಿಸಿದ ವ್ಯವಸ್ಥೆಯಲ್ಲಿ ಸೀಟಿಗೆ 0.43 ಕೆಲಸಗಾರ ಸಿಗುವುದರಿಂದ, ಸುಮಾರು 375 ಸೀಟು ಬೇಕು. ಅದರ ಅರ್ಧವನ್ನು ಈಗ ತೆರೆಯಿರಿ, ಉಳಿದರ್ಧವನ್ನು ಎರಡು ವರ್ಷದ ನಂತರದ ಮರುಲೆಕ್ಕದ ಮೇಲೆ ನಿರ್ಧರಿಸಿ. ಶುರುವಿನಲ್ಲಿ ಎಲ್ಲರ ಬಾಯಲ್ಲಿದ್ದ 291ಕ್ಕೂ, ಗುಣಿಸಿದಾಗ ಬಂದ ಸಾವಿರಕ್ಕೂ, ಈ ನಿರ್ಧಾರಕ್ಕೂ ಇರುವ ಅಂತರವೇ ಇಷ್ಟು ಶ್ರಮಕ್ಕೆ ಸಿಕ್ಕ ಫಲ.

ಕರಡು ಸಂಖ್ಯೆಗಳನ್ನು ಉದ್ಯೋಗದಾತರು, ಕಾರ್ಮಿಕ ಸಂಘ, ಬೋಧಕರು ಕೂತ ಸಭೆಯ ಮುಂದಿಡಿ. ‘ಈ ಸಂಖ್ಯೆ ಹೆಚ್ಚಾಯಿತು’ ಎಂದರೆ ಸಂಖ್ಯೆಯನ್ನು ತಿದ್ದಬೇಡಿ. ಯಾವ ಊಹೆ ತಪ್ಪು ಎಂದು ಕೇಳಿ ಆ ಊಹೆಯನ್ನು ತಿದ್ದಿ. ಯಾರು, ಯಾವ ಕಾರಣಕ್ಕೆ, ಎಷ್ಟು ಬದಲಿಸಿದರು ಎಂದು ದಾಖಲಿಸಿ. ಜೋರಾಗಿ ಮಾತಾಡುವವರದೇ ಗೆಲ್ಲುವ ಅಪಾಯವಿದ್ದರೆ ಅಭಿಪ್ರಾಯಗಳನ್ನು ಹೆಸರಿಲ್ಲದೆ ಬರೆಸಿ, ಸಾರಾಂಶ ಹಂಚಿ, ಮತ್ತೊಮ್ಮೆ ಬರೆಸುವ ಡೆಲ್ಫಿ ವಿಧಾನ ಅನುಸರಿಸಿ. ಎರಡು ಮೂರು ಸುತ್ತು ಸಾಕು.

ಹಂತ 11: ಹಿಂದಿನ ವರ್ಷಕ್ಕೆ ಹೋಗಿ ಪರೀಕ್ಷಿಸಿ, ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿ

ಪ್ರಕಟಿಸುವ ಮುನ್ನ ಒಂದು ಪರೀಕ್ಷೆ ಕಡ್ಡಾಯ. ಎಂಟು ವರ್ಷದ ಹಿಂದೆ ಲಭ್ಯವಿದ್ದ ದತ್ತಾಂಶವನ್ನಷ್ಟೇ ಇಟ್ಟುಕೊಂಡು ಇಂದಿನ ವರ್ಷಕ್ಕೆ ಮುನ್ನಂದಾಜು ಮಾಡಿ, ನಿಜವಾಗಿ ಆದದ್ದರ ಪಕ್ಕ ಇಡಿ. ಅದರ ಜೊತೆಗೆ ‘ಏನೂ ಬದಲಾಗದು’ ಎಂಬ ಸರಳ ಊಹೆಯ ದೋಷವನ್ನೂ ಬರೆಯಿರಿ. ನಿಮ್ಮ ಮಾದರಿ ಆ ಸರಳ ಊಹೆಯನ್ನೂ ಸೋಲಿಸದ ವೃತ್ತಿಗಳಲ್ಲಿ ಸರಳ ಊಹೆಯನ್ನೇ ಬಳಸಿ. ದೋಷವನ್ನು ಮೂರಾಗಿ ಒಡೆದು ನೋಡಿ: ವಲಯದ ಒಟ್ಟು ಉದ್ಯೋಗ ತಪ್ಪಿದ್ದೆಷ್ಟು, ವೃತ್ತಿಯ ಪಾಲು ತಪ್ಪಿದ್ದೆಷ್ಟು, ಹೊರಹರಿವು ತಪ್ಪಿದ್ದೆಷ್ಟು. ಮುಂದಿನ ಸುತ್ತಿನಲ್ಲಿ ಹಣವನ್ನು ಎಲ್ಲಿ ಹಾಕಬೇಕೆಂದು ಇದೇ ಹೇಳುತ್ತದೆ.

ಹೋಲಿಸುವಾಗ ಒಂದು ತೊಡಕು ಎದುರಾಗುತ್ತದೆ. ಕೊರತೆಯಾಗುತ್ತದೆ ಎಂದು ನೀವು ಹೇಳಿ, ಸೀಟು ಹೆಚ್ಚಿ, ಕೊರತೆ ಆಗದೇ ಹೋದರೆ ಮುನ್ನಂದಾಜು ತಪ್ಪಾಯಿತು ಎಂದಲ್ಲ. ಹಾಗಾಗಿ ಕೊನೆಯ ಅಂತರವನ್ನು ಹೋಲಿಸದೆ ಬೇಡಿಕೆ, ಹೊರಹರಿವು, ಪೂರೈಕೆಯ ಪ್ರತಿ ಅನುಪಾತವನ್ನೂ ಬಿಡಿಬಿಡಿಯಾಗಿ ಹೋಲಿಸಿ.

ಇದಕ್ಕೆಲ್ಲ ಪ್ರತಿ ಸುತ್ತಿನ ಕಡತ ಹಾಗೇ ಉಳಿದಿರಬೇಕು: ಮೂಲ ದತ್ತಾಂಶದ ಪ್ರತಿ, ಕೋಡ್ ಹೊಂದಾಣಿಕೆಯ ಕೋಷ್ಟಕ, ಊಹೆಗಳ ಪಟ್ಟಿ, ಸಭೆಯಲ್ಲಾದ ತಿದ್ದುಪಡಿಗಳ ದಾಖಲೆ, ಪ್ರಕಟಿಸಿದ ಸಂಖ್ಯೆಗಳು. ಲೆಕ್ಕ ಹಾಕಿದವರಿಗೆ ವರ್ಗವಾದರೂ ಇವು ಕಚೇರಿಯಲ್ಲೇ ಇರುವಂತೆ, ಇನ್ನೊಬ್ಬರು ಒಂದು ವಾರದಲ್ಲಿ ಅದೇ ಸಂಖ್ಯೆಗಳನ್ನು ಮತ್ತೆ ತೆಗೆಯಬಲ್ಲಂತೆ ಬರೆದಿಡಿ.